ಶಸ್ತ್ರಕ್ಕೆ ಮುನ್ನ ಒಂದು ಮಾತು

ಕನ್ನಡದಲ್ಲಿ ‘ಸಮಾಧಾನ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮನಸ್ಸಿನ ತಳಮಳ ಅಡಗಿ ನೆಮ್ಮದಿ ನೆಲೆಗೊಳ್ಳುವುದು ಒಂದು; ಕೇಳಿದ ಪ್ರಶ್ನೆಗೆ, ಎತ್ತಿದ ಆಕ್ಷೇಪಕ್ಕೆ ತಕ್ಕ ಉತ್ತರ ದೊರೆಯುವುದು ಇನ್ನೊಂದು. ಶಾಸ್ತ್ರಗ್ರಂಥಗಳಿಗೆ ವ್ಯಾಖ್ಯಾನ ಬರೆದವರು ಎದುರಾಳಿಯ ಆಕ್ಷೇಪವನ್ನು ಮೊದಲು ಮುಂದಿಟ್ಟು, ಬಳಿಕ ಇದಕ್ಕೆ ಸಮಾಧಾನವೇನೆಂದರೆ ಎಂದು ತೊಡಗುವುದು ವಾಡಿಕೆ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಬಂದು ಕೂಡಿರುವುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಉತ್ತರ ಸಿಕ್ಕದ ಮನಸ್ಸಿಗೆ ನೆಮ್ಮದಿಯೂ ಸಿಕ್ಕುವುದಿಲ್ಲವೆಂಬುದನ್ನು ಭಾಷೆ ನಮಗಿಂತ ಮೊದಲೇ ಅರಿತಿತ್ತು. ಇಂಗ್ಲಿಷಿನಿಂದ ಬಂದ ಆಸ್ಪತ್ರೆಯ ಕಾಗದಗಳಲ್ಲಿ ಮಾತ್ರ ರೋಗಿಯ ‘ತೃಪ್ತಿ’ ಎಂಬ ಮಾತು ಬಳಕೆಗೆ ಬಂದಿದೆ. ತೃಪ್ತಿಯೆಂಬುದು ಊಟದ ಪಂಕ್ತಿಗೆ ಒಪ್ಪುವ ಶಬ್ದ. ಹೊಟ್ಟೆ ತುಂಬಿದವನು ತೇಗುತ್ತ ಆಡುವ ಮಾತು. ಹೊಟ್ಟೆ ಕೊಯ್ಯಿಸಿಕೊಂಡು ಬಂದವನನ್ನು ಕೇಳಬೇಕಾದದ್ದು ಅವನಿಗೆ ಸಮಾಧಾನವಾಯಿತೇ ಎಂದು, ಆ ಶಬ್ದದ ಎರಡೂ ಅರ್ಥದಲ್ಲಿ.

ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರಿನಲ್ಲಿ ಬಾಳಿದವರಿಗೆ ಇದನ್ನು ಪರೀಕ್ಷಿಸಿ ನೋಡಲು ಸಂದರ್ಭಗಳು ಬೇಕಾದಷ್ಟು. ನಮ್ಮಲ್ಲಿ ಯಾರಿಗಾದರೂ ಡಾಕ್ಟರರು ಆಪರೇಶನ್ ಆಗಬೇಕೆಂದರೆ ಆ ಸುದ್ದಿ ಸಂಜೆಯೊಳಗೆ ಓಣಿಯ ಸುದ್ದಿಯಾಗುತ್ತದೆ. ಸಣ್ಣದಿದ್ದರೆ ಬೈಲಹೊಂಗಲ, ದೊಡ್ಡದಿದ್ದರೆ ಧಾರವಾಡ, ಹುಬ್ಬಳ್ಳಿ, ಇಲ್ಲವೆ ಬೆಳಗಾವಿ. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರದು. ಅದಕ್ಕೆ ಹಿಂದೆ ಶಸ್ತ್ರಕ್ರಿಯೆ ಎಂದರೆ ಮಿರಜ, ಮುಂಬಯಿಗಳ ಮಾತು. ಹೋದವರನ್ನು ಊರು ಕಣ್ಣೀರಿನಿಂದಲೇ ಕಳಿಸುತ್ತಿತ್ತು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಮೇಲೆ ಶಸ್ತ್ರವೈದ್ಯರ ಮೇಜು ಬಡ ಒಕ್ಕಲಿಗನ ಕೈಗೂ ಎಟುಕಿತು. ಆ ಯೋಜನೆ 2018ರಲ್ಲಿ ನಿಂತು, ಕೆಲವು ವರ್ಷಗಳ ಮೇಲೆ ಮತ್ತೆ ಜೀವ ತಳೆದುದು ಬೇರೆಯ ಕಥೆ. ಹೇಳಬೇಕಾದದ್ದಿಷ್ಟು: ಒಂದು ತಲೆಮಾರಿನಲ್ಲಿ ದಾರಿ ಹತ್ತಿರವಾಯಿತು, ಹಣದ ಭಾರ ಅಷ್ಟಿಷ್ಟು ಇಳಿಯಿತು, ಕೈಚಳಕವಂತೂ ಹಿಂದಿನವರು ಕನಸಿನಲ್ಲಿಯೂ ಕಾಣದಷ್ಟು ಬೆಳೆಯಿತು. ಮಾತು ಮಾತ್ರ ಇದ್ದಲ್ಲೇ ಉಳಿಯಿತು.

ಹೊರರೋಗಿಗಳ ಸಾಲಿನಲ್ಲಿ ಅರ್ಧ ದಿನ ಕುಳಿತು ನೋಡಿದವರಿಗೆ ಈ ಮಾತಿನ ಅರ್ಥವಾದೀತು. ಕಾಗದದ ಚೀಲ ಮಗನ ಕೈಯಲ್ಲಿರುತ್ತದೆ. ರೋಗ ತಾಯಿಯ ಮೈಯಲ್ಲಿರುತ್ತದೆ. ಡಾಕ್ಟರರು ಚೀಲ ಹಿಡಿದವನೊಡನೆ ಮಾತನಾಡುತ್ತಾರೆ. ತಾಯಿ ಇವನ ಮುಖವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡುತ್ತ, ಹುಬ್ಬು ಗಂಟಿಕ್ಕಿತೇ, ತುಟಿ ಸಡಿಲವಾಯಿತೇ ಎಂಬುದರ ಮೇಲಿಂದ ತನ್ನ ಆಯುಷ್ಯವನ್ನು ತಾನೇ ಲೆಕ್ಕ ಹಾಕುತ್ತಿರುತ್ತಾಳೆ. ಹೊರಗೆ ಬಂದಮೇಲೆ ‘ಏನಂದ್ರೋ?’ ಎಂದು ಕೇಳಿದರೆ ಮಗ ‘ಏನಿಲ್ಲ ಯವ್ವಾ, ಸಣ್ಣ ಆಪರೇಶನ್ ಐತಿ, ಎರಡ ದಿನದಾಗ ಮನಿಗೆ ಹೋಗೂದು’ ಎನ್ನುತ್ತಾನೆ. ಇದು ಪ್ರೀತಿಯಿಂದ ಆಡಿದ ಮಾತೇ ಹೌದು. ಆದರೆ ಎರಡು ದಿನ ಐದಾದಾಗ ಆಕೆ ಅದನ್ನು ಪ್ರೀತಿಯೆಂದು ತಿಳಿಯುವುದಿಲ್ಲ. ತನ್ನಿಂದ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ತಿಳಿಯುತ್ತಾಳೆ.

ನಮ್ಮ ಓಣಿಯ ಒಬ್ಬ ಹೆಣ್ಣುಮಗಳು, ವರಸೆಯಲ್ಲಿ ನನಗೆ ಅಕ್ಕನಾಗಬೇಕಾದವಳು, ಗರ್ಭಚೀಲ ತೆಗೆಸಿಕೊಳ್ಳಲು ಒಂದು ದವಾಖಾನೆಗೆ ಹೋದಳು. ಬೆನ್ನಿನಲ್ಲಿ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲದಂತೆ ಮಾಡಿದರು. ಶಸ್ತ್ರಕ್ರಿಯೆ ಏನೂ ತೊಡಕಿಲ್ಲದೆ ಮುಗಿಯಿತು. ಮಧ್ಯಾಹ್ನ ಅವಳನ್ನು ವಾರ್ಡಿಗೆ ತಂದು ಮಲಗಿಸಿದಾಗ ಎಚ್ಚರವಿತ್ತು. ಕೈ ತೊಡೆಯ ಮೇಲೆ ಬಿತ್ತು. ಕೈಗೆ ತೊಡೆ ತಾಗುತ್ತದೆ, ತೊಡೆಗೆ ಕೈ ತಾಗುವುದಿಲ್ಲ! ಮತ್ತಾರದೋ ಕಾಲನ್ನು ತನ್ನ ಹಾಸಿಗೆಯಲ್ಲಿ ತಂದಿಟ್ಟಂತೆ. ಬೆರಳಾಡಿಸಲು ನೋಡಿದರೆ ಆಡವು. ಕಾಲು ಹೋದವೆಂದೂ, ಎಲ್ಲರಿಗೂ ಗೊತ್ತಿದ್ದು ತನಗೆ ಹೇಳುತ್ತಿಲ್ಲವೆಂದೂ ಅವಳು ನಿಶ್ಚಯಿಸಿಕೊಂಡಳು. ದೀಪ ಹಚ್ಚುವ ಹೊತ್ತಿನವರೆಗೆ, ಸುಮಾರು ನಾಲ್ಕು ತಾಸು, ಒಂದು ಮಾತೂ ಆಡದೆ ಕಣ್ಣು ಮುಚ್ಚಿ ಮಲಗಿ, ಮಕ್ಕಳನ್ನು ಯಾರ ಉಡಿಯಲ್ಲಿ ಹಾಕಬೇಕೆಂದು ಎಣಿಸಿದಳಂತೆ. ಸಂಜೆಗೆ ಹೆಬ್ಬೆರಳಿನಲ್ಲಿ ಇರುವೆ ಹರಿದಂತಾಯಿತು. ಹತ್ತು ದಿನಗಳಲ್ಲಿ ಹೊಲಿಗೆ ಒಣಗಿತು. ಅವಳನ್ನು ಮಾತನಾಡಿಸಲು ಹೋದಾಗ ನನಗೆ ಹೇಳಿದ್ದು ಹೊಲಿಗೆಯ ಮಾತಲ್ಲ. ‘ಆಪರೇಶನ್ ಛಲೋ ಆತು ತಮ್ಮಾ, ದೇವರಂಥಾ ಡಾಕ್ಟರು. ಆದರ ಆ ನಾಕ ತಾಸು ನಾ ಸಾಯೂತನಾ ಮರಿಯೂದಿಲ್ಲ.’

ಮುಂಜಾನೆ ಯಾರಾದರೊಬ್ಬರು ‘ಅಕ್ಕಾರ, ಸೂಜಿ ಮಾಡಿದ ಮ್ಯಾಲ ಮೂರ-ನಾಕ ತಾಸು ಕಾಲು ಜೋಮು ಹಿಡದಂಗ ಇರ್ತಾವು, ಆಮ್ಯಾಲ ತಾವ ಬರ್ತಾವು’ ಎಂದು ಹೇಳಿದ್ದರೆ ಸಾಕಾಗಿತ್ತು. ಹತ್ತು ಕ್ಷಣದ ಮಾತು. ಅದನ್ನು ಹೇಳಲು ಪದವಿ ಬೇಡ, ಯಂತ್ರ ಬೇಡ, ಅನುದಾನ ಬೇಡ.

ಇಂಥ ಮಾತಿನ ಅಭಾವದಿಂದ ಆಗುವ ಅನಾಹುತಗಳಲ್ಲಿ ನಗೆ ತರುವಂಥವೂ ಉಂಟು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿಯಿಂದ ಏನೂ ತಿನ್ನಬೇಡಿರೆಂದು ಒಬ್ಬ ಹಿರಿಯರಿಗೆ ಹೇಳಿದ್ದರು. ಅವರು ಅಕ್ಷರಶಃ ಪಾಲಿಸಿದರು. ಒಂದು ಅಗುಳೂ ಮುಟ್ಟಲಿಲ್ಲ. ಮುಂಜಾನೆ ಎದ್ದು ಬಾಯಿ ಮುಕ್ಕಳಿಸಿ ಎಂದಿನಂತೆ ಒಂದು ಲೋಟ ಹಾಲಿನ ಚಹಾ ಕುಡಿದರು. ಶಸ್ತ್ರಕ್ರಿಯೆ ಮರುದಿನಕ್ಕೆ ಹೋಯಿತು, ಬಯ್ಗುಳವೂ ಬಿತ್ತು. ಹಿರಿಯರಿಗೆ ಆದ ಆಶ್ಚರ್ಯವಷ್ಟಿಷ್ಟಲ್ಲ. ಚಹಾ ಕುಡಿಯುವ ವಸ್ತು, ತಿನ್ನುವ ವಸ್ತುವಲ್ಲ. ಕನ್ನಡ ವ್ಯಾಕರಣ ಅವರ ಪಕ್ಷದಲ್ಲಿಯೇ ಇದೆ. ಮತ್ತು ಬರಿಸಿದಾಗ ಗಂಟಲಿನ ಕಾವಲು ಸಡಿಲವಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ, ಹಾಲು ಹಾಕಿದ ಚಹಾ ಈ ಲೆಕ್ಕದಲ್ಲಿ ಅನ್ನವಿದ್ದಂತೆಯೇ, ಆದುದರಿಂದ ಆರು ತಾಸು ಅದೂ ಕೂಡದು, ಬರಿಯ ನೀರಾದರೆ ಎರಡು ತಾಸು ಮೊದಲಿನವರೆಗೆ ನಡೆದೀತು ಎಂದು ಕಾರಣಸಹಿತ ತಿಳಿಸಿದ್ದರೆ ಅವರು ಚಹಾದ ಲೋಟವನ್ನು ತಾವೇ ದೂರ ಸರಿಸುತ್ತಿದ್ದರು. ಕಾರಣವಿಲ್ಲದ ಅಪ್ಪಣೆಯನ್ನು ನಮ್ಮ ಜನ ಪಾಲಿಸುವುದಿಲ್ಲವೆಂದಲ್ಲ. ಅದರ ಅಕ್ಷರವನ್ನು ಪಾಲಿಸಿ, ಅಕ್ಷರ ಮುಗಿದಲ್ಲಿ ತಮ್ಮ ಬುದ್ಧಿಯನ್ನು ಓಡಿಸುತ್ತಾರೆ.

ಇನ್ನೊಂದು, ಗಾಳಿಯ ಪ್ರಸಂಗ. ಕರುಳಿನ ಶಸ್ತ್ರಕ್ರಿಯೆಯಾದ ಮೇಲೆ ವೈದ್ಯರು ದಿನವೂ ಬಂದು ‘ಗಾಳಿ ಹೋತೇನ್ರಿ ಅಜ್ಜಾರ?’ ಎಂದು ಕೇಳುತ್ತಾರೆ. ಕರುಳು ಮತ್ತೆ ಚಲಿಸತೊಡಗಿತೆಂಬುದಕ್ಕೆ ಅದು ಗುರುತು. ಈಗ ಅನೇಕ ಕಡೆ ಬೇಗನೆ ನೀರು-ಗಂಜಿ ಕೊಡುವ ಪದ್ಧತಿ ಬಂದಿದೆಯಾದರೂ, ಆ ಗುರುತು ಕಾಣುವವರೆಗೆ ಬಾಯಿಗೆ ಹನಿ ನೀರೂ ಹಾಕದ ಕಾಲವೊಂದಿತ್ತು. ಸೊಸೆ ಪಕ್ಕದಲ್ಲಿ ನಿಂತಿರಲು, ಹತ್ತು ಹಾಸಿಗೆಯ ಜನ ಕಿವಿಗೊಟ್ಟಿರಲು, ಮರ್ಯಾದಸ್ಥ ಮುದುಕನೊಬ್ಬ ಈ ಪ್ರಶ್ನೆಗೆ ಹೌದೆಂದು ಹೇಗೆ ಹೇಳಿಯಾನು? ‘ಇಲ್ಲರಿ’ ಎಂದು ಮಾನ ಉಳಿಸಿಕೊಂಡು ಇನ್ನೂ ಒಂದು ದಿನ ಬರಿಯ ಸಲಾಯಿನ್ ಮೇಲೆ ಮಲಗಿದ ಅಜ್ಜನೊಬ್ಬನನ್ನು ನಾನು ಬಲ್ಲೆ. ಅದೇಕೆ ಕೇಳುತ್ತಾರೆಂಬುದನ್ನು ಕೊನೆಗೆ ತಿಳಿಸಿದವನು ಪಕ್ಕದ ಹಾಸಿಗೆಯ, ಯರಗಟ್ಟಿ ಕಡೆಯ ರೋಗಿ. ಅಂದರೆ, ವಾರ್ಡಿನಲ್ಲಿ ಜ್ಞಾನ ಇಲ್ಲದೆ ಇರುವುದಿಲ್ಲ. ಅದು ಹಳೆಯ ರೋಗಿಯಿಂದ ಹೊಸ ರೋಗಿಗೆ ಹರಿಯುತ್ತದೆ, ನಿಜವೂ ಸುಳ್ಳೂ ಕೂಡಿಯೇ ಹರಿಯುತ್ತದೆ.

ನಮ್ಮ ನಾಡಿನ ಹಳ್ಳಿಗಳಲ್ಲಿ ಈ ನೆರೆಯವನ ಮಾತೇ ಬಹುಕಾಲ ಏಕಮಾತ್ರ ಮಾಹಿತಿಯಾಗಿತ್ತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಕಣ್ಣಿನ ಶಿಬಿರ ನಡೆಸಿ, ಒಂದೊಂದು ದಿನಕ್ಕೆ ನೂರಾರು ಜನರ ಮೋತಿಬಿಂದು ತೆಗೆದರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿತ್ತು. ಅಂಥ ಶಿಬಿರದಲ್ಲಿ ಒಬ್ಬೊಬ್ಬರನ್ನೂ ಕೂಡ್ರಿಸಿ ವಿವರಿಸಲು ಎಡೆಯೆಲ್ಲಿ? ಆದರೂ ಜನ ಅಂಜದೆ ಹೋದರು. ಏಕೆಂದರೆ ಹಿಂದಿನ ಶಿಬಿರದಲ್ಲಿ ಕಣ್ಣು ಪಡೆದ ನೆರೆಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿನ ತಿಳಿವಳಿಕೆಯ ಪತ್ರ ಯಾವುದು?

ಕಣ್ಣಿನ ಪೊರೆಗೆ ಇಷ್ಟು ಸಾಕು. ಆದರೆ ಹೊಟ್ಟೆ, ಎದೆ, ಎಲುಬುಗಳ ಮಾತು ಬೇರೆ. ಅಲ್ಲಿ ನೋವಿನ ಹಾದಿ ಉದ್ದ. ಈ ಹಾದಿಯ ಬಗೆಗೆ ಮುಂಚಿತವಾಗಿ ಹೇಳುವುದರಿಂದ ಏನಾಗುತ್ತದೆಂಬುದನ್ನು ಅಳತೆಗೋಲು ಹಿಡಿದು ನೋಡಿದವರು ಅಮೇರಿಕೆಯ ಬಾಸ್ಟನ್ ನಗರದ ವೈದ್ಯರು. ಅಲ್ಲಿಯ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಶಸ್ತ್ರವೈದ್ಯದ ಇತಿಹಾಸದಲ್ಲಿ ಪ್ರಸಿದ್ಧವಾದದ್ದು. 1846ರ ಅಕ್ಟೋಬರ್ 16ರಂದು ಈಥರ್ ಮೂಸಿಸಿ, ನೋವಿಲ್ಲದಂತೆ ಶಸ್ತ್ರಕ್ರಿಯೆ ಮಾಡಬಹುದೆಂದು ಸಾರ್ವಜನಿಕವಾಗಿ ತೋರಿಸಿಕೊಟ್ಟದ್ದು ಅಲ್ಲಿಯೇ. ನೂರ ಹದಿನೆಂಟು ವರ್ಷಗಳ ಮೇಲೆ, 1964ರಲ್ಲಿ, ಅದೇ ಆಸ್ಪತ್ರೆಯ ಅರಿವಳಿಕೆ ವೈದ್ಯ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದ 97 ಜನರಲ್ಲಿ 46 ಜನರ ಬಳಿ ಹಿಂದಿನ ಸಂಜೆ ಕುಳಿತು, ನಾಳೆ ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ, ಎಷ್ಟು ದಿನ ನೋಯುತ್ತದೆ, ಅದು ಸಹಜವೆಂಬುದು ಏಕೆ, ಸ್ನಾಯು ಸಡಿಲಬಿಟ್ಟು ಮಗ್ಗುಲಾಗುವುದು ಹೇಗೆ, ಉಸಿರೆಳೆಯುವುದು ಹೇಗೆ ಎಂದೆಲ್ಲ ತಿಳಿಸಿದರು. ಮರುದಿನಗಳಲ್ಲಿಯೂ ಬಂದು ಅದನ್ನೇ ಮತ್ತೆ ಹೇಳಿದರು. ಉಳಿದ 51 ಜನರಿಗೆ ನೋವಿನ ಮಾತು ಎತ್ತಲಿಲ್ಲ. ಯಾರಿಗೆ ಹೇಳಿದೆ, ಯಾರಿಗೆ ಹೇಳಿಲ್ಲ ಎಂಬುದು ಕೊಯ್ದ ಶಸ್ತ್ರವೈದ್ಯರಿಗೆ ತಿಳಿಯದಂತೆ ನೋಡಿಕೊಂಡರು. ಫಲವೇನು? ಹೇಳಿಸಿಕೊಂಡವರಿಗೆ ಬೇಕಾದ ಅಫೀಮು ಜಾತಿಯ ನೋವಿನ ಮದ್ದು ಸುಮಾರು ಅರ್ಧಕ್ಕೆ ಇಳಿಯಿತು. ಅವರನ್ನು ಸರಾಸರಿ 2.7 ದಿನ ಮೊದಲೇ ಮನೆಗೆ ಕಳಿಸಲು ಸಾಧ್ಯವಾಯಿತು. ಈಥರ್ ಬಾಟಲಿ ತೆರೆದ ಮನೆಯಲ್ಲಿಯೇ ಮಾತೂ ಒಂದು ಮದ್ದೆಂದು ಗೊತ್ತಾಯಿತು.

ಈ ಅಂಕಿಗಳನ್ನು ನೋಡಿ ಬೆರಗಾಗಿ ಮಾತನ್ನು ಸಂಜೀವಿನಿಯೆಂದು ಸಾರುವುದೂ ಸಲ್ಲದು. ಆಮೇಲೆ ಇಂಥ ಪ್ರಯೋಗಗಳು ಎಷ್ಟೋ ನಡೆದವು. ನೂರಕ್ಕೂ ಹೆಚ್ಚಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ, ಶಸ್ತ್ರಕ್ರಿಯೆಗೆ ಮುನ್ನ ಮನಸ್ಸನ್ನು ಅಣಿಗೊಳಿಸುವುದರಿಂದ ನೋವು, ಕಳವಳಗಳು ಸ್ವಲ್ಪ ಕಡಮೆಯಾಗಬಹುದು, ಆಸ್ಪತ್ರೆವಾಸ ಸುಮಾರು ಅರ್ಧ ದಿನದಷ್ಟು ತಗ್ಗಬಹುದು ಎಂದು ಹೇಳಿ, ಸಾಕ್ಷ್ಯದ ಗುಣಮಟ್ಟ ಮಾತ್ರ ಹೆಚ್ಚಿನದಲ್ಲವೆಂದು ಎಚ್ಚರಿಸಿತು. ಎರಡೂ ಮುಕ್ಕಾಲು ದಿನ ಎಲ್ಲಿ, ಅರ್ಧ ದಿನ ಎಲ್ಲಿ! ಆದರೆ ನಮ್ಮ ಅಕ್ಕನ ನಾಲ್ಕು ತಾಸುಗಳನ್ನು ಅಳೆಯುವ ಕೋಲು ಈ ಯಾವ ಅಧ್ಯಯನದಲ್ಲಿಯೂ ಇರಲಾರದು. ಅವಳೂ ಮನೆಗೆ ಬಂದದ್ದು ಗೊತ್ತಾದ ದಿನಕ್ಕೇ.

ಇಲ್ಲಿಯೇ ‘ತೃಪ್ತಿ’ಯ ಲೆಕ್ಕದ ತೊಡಕಿರುವುದು. ಕೇಂದ್ರ ಸರಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯನ್ನು ಆರಂಭಿಸಿ, ಆಸ್ಪತ್ರೆಯಿಂದ ಹೋದವರಿಗೆ ದೂರವಾಣಿಯ ಮೂಲಕ ಅವರ ಅನುಭವವನ್ನು ಕೇಳತೊಡಗಿತು. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಹೋಗುವ ಹೊತ್ತಿಗೆ ಒಂದು ಚೀಟಿ ತುಂಬಿಸುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ನಮ್ಮ ಸೀಮೆಯ ರೋಗಿಗೆ ತೃಪ್ತಿಯಾಯಿತೇ ಎಂದು ಕೇಳಿದರೆ ಅವನು ಉತ್ತರಿಸುವುದು ಬೇರೆಯ ಪ್ರಶ್ನೆಗೆ. ಜೀವ ಉಳಿಸಿದವರನ್ನು ನಿಂದಿಸಬಾರದೆಂಬುದು ಅವನ ಧರ್ಮ. ಉಂಡ ಮನೆಯ ಜಂತೆ ಎಣಿಸುವವನು ಅವನಲ್ಲ. ಅವನು ಕೊಡುವುದು ಅಭಿಪ್ರಾಯವನ್ನಲ್ಲ, ಕೃತಜ್ಞತೆಯನ್ನು. ನಮ್ಮ ಅಕ್ಕನನ್ನು ಆ ದಿನ ಕೇಳಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದಳು. ಕಡಮೆ ತಿಳಿಸಿದವರನ್ನೂ ಜನ ಹೊಗಳುತ್ತಾರೆಂಬ ಕಾರಣಕ್ಕೆ ತಿಳಿಸುವುದು ಅನಾವಶ್ಯಕವೆಂದು ತೀರ್ಮಾನಿಸುವ ಆಸ್ಪತ್ರೆ, ಮಳೆಗಾಲದಲ್ಲಿ ಬಾವಿಯ ಆಳ ನೋಡಿದಂತೆ ನೋಡುತ್ತದೆ.

ತಿಳಿಸಬೇಕೇ, ಮುಚ್ಚಬೇಕೇ ಎಂಬ ವಾದ ಹಳೆಯದು. ಗ್ರೀಕರ ಹಿಪೊಕ್ರಾಟಿಸನ ಹೆಸರಿನಲ್ಲಿ ಬಂದ ಬರಹಗಳಲ್ಲೊಂದು, ಚಿಕಿತ್ಸೆ ನಡೆಯುವಾಗ ಹೆಚ್ಚಿನ ಸಂಗತಿಗಳನ್ನು ರೋಗಿಯಿಂದ ಮರೆಮಾಡಬೇಕೆಂದೇ ಬೋಧಿಸುತ್ತದೆ. ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರದ ಹರಳನ್ನು ಕೊಯ್ದು ತೆಗೆಯುವ ಪ್ರಕರಣವಿದೆ. ಕೊಯ್ಯದಿದ್ದರೆ ಮರಣ ನಿಶ್ಚಿತ, ಕೊಯ್ದರೆ ಫಲ ಸಂದಿಗ್ಧ. ಆದುದರಿಂದ ಒಡೆಯನನ್ನು ಕೇಳಿ ಅನುಮತಿ ಪಡೆದು ಕೈಹಚ್ಚಬೇಕು ಎಂದು ಅಲ್ಲಿ ಹೇಳಿದೆ. ಅಪಾಯವನ್ನು ಮುಚ್ಚದೆ ಮುಂದಿಡುವ ಪ್ರಾಮಾಣಿಕತೆ ಇಲ್ಲಿ ಮೆಚ್ಚತಕ್ಕದ್ದು. ಆದರೆ ಕೇಳುವುದು ಯಾರನ್ನು? ಮೇಜಿನ ಮೇಲೆ ಮಲಗಿದವನನ್ನಲ್ಲ, ಅವನ ಮೇಲೆ ಅಧಿಕಾರವುಳ್ಳವನನ್ನು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿಯೂ ಶಸ್ತ್ರಕ್ರಿಯೆಗೆ ಲಿಖಿತ ಒಪ್ಪಿಗೆ ಕೊಡಬೇಕಾದವರನ್ನು ಎಣಿಸುವಾಗ ಗಂಡ ಅಥವಾ ಹೆಂಡತಿ, ಅಪ್ರಾಪ್ತರಿದ್ದರೆ ತಂದೆತಾಯಿ ಇಲ್ಲವೆ ಪಾಲಕರು ಎಂದು ಹೇಳಿ, ರೋಗಿಯ ಸರದಿ ಬರುವುದು ಕಟ್ಟಕಡೆಗೆ. ಎರಡು ಸಾವಿರ ವರ್ಷಗಳ ಅಭ್ಯಾಸ ಬೇಗನೆ ಬಿಡುವುದಿಲ್ಲವೆಂದು ತೋರುತ್ತದೆ.

ಈ ಅಭ್ಯಾಸಕ್ಕೆ ನ್ಯಾಯಾಲಯದಲ್ಲಿ ಒಂದು ಪೆಟ್ಟು ಬಿದ್ದದ್ದು 2008ರ ಜನವರಿಯಲ್ಲಿ. ಸಮೀರಾ ಕೊಹ್ಲಿ ಎಂಬ ಮಹಿಳೆ ಬರಿಯ ಪರೀಕ್ಷೆಗಾಗಿ ದುರ್ಬೀನು ಹಾಕಿ ನೋಡಲು ಒಪ್ಪಿದ್ದರು. ಅವರು ಮತ್ತಿನಲ್ಲಿರುವಾಗಲೇ ಹೊರಗೆ ಕುಳಿತ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಡಲಾಯಿತು. ಇದು ನಡೆದದ್ದು 1995ರಲ್ಲಿ. ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ವಯಸ್ಕಳಾದ, ಬುದ್ಧಿ ಸ್ಥಿರವಾಗಿರುವ ರೋಗಿಯ ಪರವಾಗಿ ಮತ್ತೊಬ್ಬರು ಒಪ್ಪಲಾಗದು. ಪ್ರಾಣ ಉಳಿಸಲು ಅನಿವಾರ್ಯವಾದಾಗ ಹೊರತು ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಬೇರೆ ಮಾರ್ಗ, ಗಣನೀಯ ಅಪಾಯ, ಬೇಡವೆಂದರೆ ಆಗುವ ಹಾನಿ ಇವನ್ನು ಮೊದಲೇ ತಿಳಿಸಬೇಕು ಎಂಬುದು ಅದರ ಸಾರ. ದೂರದ, ವಿರಳವಾದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ಹೆದರಿಸಬೇಕಿಲ್ಲವೆಂದೂ ಹೇಳಿತು. ಪರಿಹಾರ ಕೊಡಿಸಿದ್ದು 25,000 ರೂಪಾಯಿ; ವೈದ್ಯರಿಗೆ ಶುಲ್ಕ ಸಲ್ಲದೆಂದಿತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಬಳಿಕ 2016ರಲ್ಲಿ, ಸಂತಾನಹರಣ ಶಸ್ತ್ರಕ್ರಿಯೆಯ ಶಿಬಿರಗಳನ್ನು ಕುರಿತ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಒಪ್ಪುವವರಿಗೆ ತಿಳಿಯುವ ಭಾಷೆಯಲ್ಲಿಯೇ ಎಲ್ಲವನ್ನೂ ವಿವರಿಸಬೇಕೆಂದು ಆದೇಶಿಸಿತು. ನಮ್ಮ ಹಳ್ಳಿಯ ಹೆಂಗಸರು ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಗಳಲ್ಲಿ ಬಹಳಷ್ಟು ಇದೇ ಆಗಿರುವುದರಿಂದ ಈ ಮಾತು ನಮಗೆ ಹತ್ತಿರದ್ದು.

ಭಾಷೆಯ ಮಾತು ಬಂತು. ಬೆಳಗಾವಿ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಯ ಭಾಷೆಗಳು. ಒಪ್ಪಿಗೆಯ ಕಾಗದ ಮಾತ್ರ ಅನೇಕ ಸಲ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿದ್ದರೂ ಅದು ಯಾರ ಕನ್ನಡ? ‘ಅರಿವಳಿಕೆ’ ಸುಂದರವಾದ ಶಬ್ದ. ಅರಿವನ್ನು ಅಳಿಸುವುದೆಂದು ಬಿಡಿಸಿ ಹೇಳಿದರೆ ಯಾರಿಗೂ ತಿಳಿಯುತ್ತದೆ. ಬಿಡಿಸಿ ಹೇಳದಿದ್ದರೆ ಅದೂ ಇಂಗ್ಲಿಷಿನಷ್ಟೇ ದೂರ. ಕೊನೆಗೆ ಎಲ್ಲ ಕಾಗದಗಳೂ ‘ಇಲ್ಲೆ ಹೆಬ್ಬಟ್ಟ ಒತ್ತರಿ’ ಎಂಬ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಹೆಬ್ಬೆಟ್ಟಿಗೆ ಮಸಿ ಹತ್ತಿದ ಮಾತ್ರಕ್ಕೆ ತಲೆಗೆ ಸಂಗತಿ ಹತ್ತಿತೆಂದು ಭಾವಿಸುವುದು ಕಚೇರಿಯ ತರ್ಕ. ಕನ್ನಡದಲ್ಲಿ ವೈದ್ಯವನ್ನು ಜನಕ್ಕೆ ಹೇಳಿದವರ ಪರಂಪರೆಯೇನೂ ಸಣ್ಣದಲ್ಲ. ‘ಕೊರವಂಜಿ’ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ ಬರೆದು 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು, ಡಾ. ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕಗಳ ಮೂಲಕ ಎಷ್ಟೋ ಬಸುರಿಯರ ಅಂಜಿಕೆ ಕಳೆದರು. ಪುಸ್ತಕದಲ್ಲಿ ಸಾಧ್ಯವಾದದ್ದು ಹಾಸಿಗೆಯ ಪಕ್ಕದಲ್ಲಿ ಅಸಾಧ್ಯವೇ?

ವೈದ್ಯರ ಕಡೆಯಿಂದ ಎರಡು ಆಕ್ಷೇಪಗಳಿವೆ. ನ್ಯಾಯವಾದವೇ. ಸಮಯವಿಲ್ಲವೆಂಬುದು ಮೊದಲನೆಯದು. ಮುಂಜಾನೆಯಿಂದ ನೂರು ರೋಗಿಗಳನ್ನು ನೋಡುವ ಸರಕಾರಿ ವೈದ್ಯನಿಗೆ ತಲಾ ಅರ್ಧ ತಾಸು ಕೊಡೆನ್ನುವವನು ಆ ಕುರ್ಚಿಯಲ್ಲಿ ಒಂದು ದಿನ ಕುಳಿತು ನೋಡಬೇಕು. ಆದರೆ ಕಾಲಿನ ಜೋಮು, ಚಹಾ, ಗಾಳಿ ಇವುಗಳಿಗೆ ಶಸ್ತ್ರವೈದ್ಯನೇ ಬೇಕೆಂದಿಲ್ಲ. ಹೆಚ್ಚಾಗಿ ಇದನ್ನು ಬಲ್ಲವರು, ನಮ್ಮವರು ನರ್ಸಬಾಯಿ ಎಂದು ಕರೆಯುವ ದಾದಿಯರು. ಅವರಲ್ಲಿ ಅನೇಕರು ಇದೇ ಸುತ್ತಿನ ಹಳ್ಳಿಗಳಿಂದ ಬಂದವರು, ಇದೇ ಮಾತನಾಡುವವರು. ಅವರಿಗೆ ಇದನ್ನು ಕೆಲಸವೆಂದು ಯಾರೂ ಒಪ್ಪಿಸಿಲ್ಲ, ಅಷ್ಟೆ. ಎರಡನೆಯದು, ಹೇಳಿದರೆ ರೋಗಿ ಹೆದರಿ ಎದ್ದು ಹೋಗುತ್ತಾನೆ ಎಂಬುದು. ಹಾಗೆ ಹೋದವರೂ ಇದ್ದಾರೆ, ನಿಜ. ಆದರೆ ಹೇಳದಿದ್ದರೆ ಹೆದರಿಕೆ ಇರುವುದಿಲ್ಲವೆಂದು ಹೇಳಿದವರಾರು? ಕತ್ತಲಲ್ಲಿ ಕುಳಿತವನಿಗೆ ಹಗ್ಗವೂ ಹಾವು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸಿನಲ್ಲಿ, ಈಥರ್ ಇನ್ನೂ ಇಲ್ಲದ ಕಾಲದಲ್ಲಿ, ಎಚ್ಚರವಿರುವಾಗಲೇ ಸ್ತನದ ಶಸ್ತ್ರಕ್ರಿಯೆ ಮಾಡಿಸಿಕೊಂಡಳು. ದಿನವನ್ನು ಅವಳಿಗೆ ಮೊದಲೇ ತಿಳಿಸಲಿಲ್ಲ. ಕೊನೆಯ ಕೆಲವು ಗಂಟೆಗಳವರೆಗೆ ಕಾಯಿಸಿದರು. ಆದರೆ ವೈದ್ಯರಲ್ಲೊಬ್ಬ, ತಾನು ಅವಳನ್ನು ವಂಚಿಸುವುದಿಲ್ಲ, ಬಹಳ ನೋಯುತ್ತದೆ ಎಂದು ಮೊದಲೇ ಮುಖಕ್ಕೆ ಮುಖ ಕೊಟ್ಟು ಹೇಳಿದ್ದ. ತಿಂಗಳುಗಳ ಮೇಲೆ ತನ್ನ ಅಕ್ಕನಿಗೆ ಬರೆದ ದೀರ್ಘ ಪತ್ರದಲ್ಲಿ ಅವಳು ಕಾಯಿಸಿದ್ದನ್ನೂ ಬರೆದಿದ್ದಾಳೆ, ಆ ಮಾತನ್ನೂ ಬರೆದಿದ್ದಾಳೆ. ಓದಿದವರಿಗೆ ಯಾವುದು ಹೆಚ್ಚು ಕ್ರೂರವೆಂದು ಕೇಳಬೇಕಾಗುವುದಿಲ್ಲ.

ಹೆದರಿಸುವುದಕ್ಕೆಂದೇ ಹೇಳುವ ಮಾತು ಇನ್ನೊಂದುಂಟು. ಅದನ್ನು ಮಾಹಿತಿಯೆಂದು ಎಣಿಸಬಾರದು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೀದಿಗಿಳಿದು ಹೇಳಿಕೊಂಡದ್ದು ಇದನ್ನೇ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ, ಎಷ್ಟೋ ಜನ ಇನ್ನೂ ಎಳೆಯ ವಯಸ್ಸಿನವರಿಗೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆಂದು ಅಂಜಿಸಿ ಗರ್ಭಕೋಶ ತೆಗೆಸಿದರೆಂಬುದು ಅವರ ದೂರು. ಅವರಿಗೆ ಏನೂ ಹೇಳಿರಲಿಲ್ಲವೆಂದಲ್ಲ. ಒಂದು ಮಾತು ಹೇಳಲಾಗಿತ್ತು, ಆ ಒಂದು ಮಾತಿನ ಬಲದಿಂದಲೇ ಹೆಬ್ಬೆಟ್ಟು ಬಿದ್ದಿತ್ತು. ಬೇರೆ ದಾರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರ ಮಾತ್ರ ದೊರೆತಿರಲಿಲ್ಲ, ಏಕೆಂದರೆ ಆ ಪ್ರಶ್ನೆಯನ್ನು ಕೇಳಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಉತ್ತರ ಬರೆಯಲು ಕಲಿಸುವ ನಾವು ಪ್ರಶ್ನೆ ಕೇಳಲು ಕಲಿಸುವುದು ಕಡಮೆ. ಇದನ್ನು ಶಿಕ್ಷಕರು ಓದುವ ಈ ಪುಟದಲ್ಲಿ ಹೇಳಿದರೆ ತಪ್ಪಾಗದೆಂದು ನಂಬುತ್ತೇನೆ.

ಒಳ್ಳೆಯದನ್ನು ಕಂಡದ್ದೂ ಇದೆ. ನಮ್ಮ ಕಾಕಾ ಒಬ್ಬರಿಗೆ ಬಸವ ಜಯಂತಿಯ ಮರುವಾರ ಹರ್ನಿಯಾದ ಶಸ್ತ್ರಕ್ರಿಯೆಯಾಯಿತು. ಆರು ವಾರ ಭಾರ ಎತ್ತಬಾರದೆಂದು ಡಾಕ್ಟರರು ಹೇಳಿ ಹೋದರು. ವಾರಗಳ ಲೆಕ್ಕ ಕಾಕಾರದಲ್ಲ. ಅವರ ಪಂಚಾಂಗ ಮಳೆಗಳದು. ಹೆಸರು, ಸೋಯಾ ಬಿತ್ತುವ ಹೊತ್ತಿಗೆ ಚೀಲ ಹೊರಬೇಕೋ ಬೇಡವೋ ಎಂಬುದೊಂದೇ ಅವರ ಪ್ರಶ್ನೆಯಾಗಿತ್ತು. ಅದನ್ನು ಡಾಕ್ಟರರನ್ನು ಕೇಳಲು ಸಂಕೋಚ. ಔಷಧ ಕೊಡಲು ಬಂದ ನರ್ಸಬಾಯಿ ಅವರ ಮುಖ ನೋಡಿ ತಾನೇ ಮಂಚದ ಅಂಚಿಗೆ ಕುಳಿತಳು. ‘ಕಾಕಾರ, ರೋಹಿಣಿ ಹೋಗ್ಲಿ, ಮಿರಗಾನೂ ದಾಟಲಿ. ಅಲ್ಲೀತನಾ ಚೀಲಕ್ಕ ಕೈ ಹಚ್ಚಬ್ಯಾಡ್ರಿ. ಒಳಗ ಜಾಳಗಿ ಹಾಕ್ಯಾರ, ಅದು ಮಾಂಸದ ಕೂಡ ಹೊಂದಿಕೊಳ್ಳಬೇಕು. ಕೆಮ್ಮು ಬಂದರ ಹಿಂಗ ಕೈ ಒತ್ತಿ ಹಿಡೀರಿ. ನಡದಾಡರಿ, ಹೊಲಕ್ಕ ಹೋಗಿ ಬದುವಿನ ಮ್ಯಾಲ ಕುಂಡರ್ರಿ, ಆದ್ರ ಎತ್ತಬ್ಯಾಡ್ರಿ.’ ಕಾಕಾ ಮೂರು ಪ್ರಶ್ನೆ ಕೇಳಿದರು. ಸೈಕಲ್ಲಿನ ಬಗೆಗೊಂದು, ಬಾವಿಯ ನೀರು ಸೇದುವ ಬಗೆಗೊಂದು. ಮೂರನೆಯದನ್ನು ನನ್ನನ್ನು ಹೊರಗೆ ಕಳಿಸಿ ಕೇಳಿದರು. ಮೂರಕ್ಕೂ ಉತ್ತರ ಬಂತು.

ಆ ವರ್ಷ ಮಿರಗಾ ಚೆನ್ನಾಗಿ ಹಿಡಿಯಿತು. ಊರೆಲ್ಲ ಬಿತ್ತಿಗೆಯ ಗದ್ದಲದಲ್ಲಿರುವಾಗ ಕಾಕಾ ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತು ಮಗನಿಗೆ, ಕೂರಿಗೆ ಹಿಡಿದವರಿಗೆ ಅಪ್ಪಣೆ ಕೊಡುತ್ತಿದ್ದರು. ಹಾದಿಯಲ್ಲಿ ಹೋಗುವವರು ‘ಯಾಕ ಕಾಕಾರ, ಕುಂತೀರಿ?’ ಎಂದರೆ, ಒಳಗೆ ಹಾಕಿದ ಜಾಳಗಿಯ ವೃತ್ತಾಂತವನ್ನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದರು. ಆ ಶ್ರಾವಣದಲ್ಲಿ ಅದೇ ರೋಗಕ್ಕೆ ಕೊಯ್ಯಿಸಿಕೊಳ್ಳಲು ಹೊರಟ ಇನ್ನಿಬ್ಬರು, ದವಾಖಾನೆಗೆ ಹೋಗುವ ಮೊದಲು ಅವರ ಕಟ್ಟೆಗೆ ಬಂದು ಕುಳಿತು ಹೋದರು.